ಬ್ಯಾಟರಿ ಹೋಯ್ತಾ, ಬೇರೆ ಏನಾದ್ರೂ ಇದೆಯಾ? ಮೊಬೈಲ್ ಬ್ಯಾಟರಿ ಪರೀಕ್ಷಿಸುವ ಬಗೆ

ಮೊಬೈಲ್ ರಿಪೇರಿ ಅಂಗಡಿಯ ಕೌಂಟರ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣಾ, ಚಾರ್ಜೇ ನಿಲ್ತಿಲ್ಲ. ಬ್ಯಾಟರಿ ಹಾಕ್ಬಿಡಿ." ಅಂಗಡಿಯವರೂ ಹಾಕಿಬಿಡುತ್ತಾರೆ. ಕೆಲವರ ಫೋನ್ ಸರಿಹೋಗುತ್ತದೆ. ಇನ್ನು ಕೆಲವರು ಅದೇ ದೂರು ಹೊತ್ತು ವಾಪಸ್ ಬರುತ್ತಾರೆ. ಅವರ ಬ್ಯಾಟರಿ ಹಾಳಾಗಿರಲೇ ಇಲ್ಲ. ಇದಕ್ಕೆ ಉಲ್ಟಾ ಮಾಡುವವರೂ ಇದ್ದಾರೆ. ಬ್ಯಾಟರಿ ಬಿಟ್ಟರೆ ಬೇರೆಲ್ಲ ಸರಿ ಇರುವ ಫೋನನ್ನು ಬೀರುವಿನಲ್ಲಿ ಇಟ್ಟು, ಇಎಂಐ ಮೇಲೆ ಹೊಸದು ತರುತ್ತಾರೆ. ಎರಡೂ ಕಡೆ ದುಡ್ಡು ದಂಡ.

ಚಾರ್ಜ್ ನಿಲ್ಲುತ್ತಿಲ್ಲ ಅನ್ನುವುದಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು. ಬ್ಯಾಟರಿಗೇ ವಯಸ್ಸಾಗಿರಬಹುದು. ಬ್ಯಾಟರಿ ಚೆನ್ನಾಗಿದ್ದು, ಫೋನ್ ಜಾಸ್ತಿ ಖರ್ಚು ಮಾಡುತ್ತಿರಬಹುದು. ಇಲ್ಲವೇ ಚಾರ್ಜರ್‌ನಿಂದ ಬರಬೇಕಾದ್ದು ಪೂರ್ತಿ ಬರುತ್ತಿಲ್ಲದೆ ಇರಬಹುದು. ಇವುಗಳಲ್ಲಿ ಯಾವುದು ಅಂತ ಮನೆಯಲ್ಲೇ ಕಂಡುಹಿಡಿಯಬಹುದು, ಅದಕ್ಕೆ ಮೆಕ್ಯಾನಿಕ್ ಆಗಿರಬೇಕಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಸೆಟ್ಟಿಂಗ್ಸ್‌ನಲ್ಲಿ ಕಾಣುವ ಬ್ಯಾಟರಿ ಹೆಲ್ತ್ ಶೇಕಡಾ ಅಂಕಿ (ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜಿನಲ್ಲಿ ಈಗ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ) ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಕೆಲಸ ಕೊಟ್ಟಾಗ ಬ್ಯಾಟರಿ ತಡೆದುಕೊಳ್ಳುತ್ತದಾ ಅನ್ನುವುದನ್ನು ನೋಡಿ.

ಎಲ್ಲಕ್ಕಿಂತ ಮೊದಲು: ಉಬ್ಬಿದೆಯಾ?

ಫೋನಿನ ಕವರ್ ತೆಗೆಯಿರಿ. ದಪ್ಪ ಕವರ್ ಒಳಗೇ ಇರುವುದರಿಂದ ಎಷ್ಟೋ ಜನಕ್ಕೆ ಬ್ಯಾಟರಿ ಉಬ್ಬಿರುವುದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಫೋನನ್ನು ಬೋರಲು ಹಾಕಿ, ಕ್ಯಾಮೆರಾಕ್ಕಿಂತ ಕೆಳಗೆ, ಹಿಂಬದಿಯ ಅಡ್ಡಕ್ಕೆ ಮಕ್ಕಳ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ. ಸ್ಕೇಲ್ ಮಧ್ಯದಲ್ಲಿ ತಾಗಿ, ಎರಡೂ ಅಂಚಲ್ಲಿ ಮೊದಲಿಗಿಂತ ಜಾಸ್ತಿ ಬೆಳಕು ಕಂಡರೆ ಅನುಮಾನ ಪಡಿ. ಕೆಲವು ಫೋನ್‌ಗಳ ಬೆನ್ನು ಕಂಪನಿಯಿಂದಲೇ ಸ್ವಲ್ಪ ಬಾಗಿರುತ್ತದೆ, ಅದು ಬೇರೆ. ಹಾಗಾಗಿ ಅಂಚುಗಳನ್ನೂ ನೋಡಿ. ಬ್ಯಾಕ್ ಪ್ಯಾನಲ್ ಒಂದು ಕಡೆ ಬಿಟ್ಟುಕೊಂಡಿದೆಯಾ, ಡಿಸ್‌ಪ್ಲೇ ಫ್ರೇಮಿನಿಂದ ಮೇಲೆದ್ದಿದೆಯಾ, ಆ ಸಂದಿಯಲ್ಲಿ ಉಗುರು ಹೋಗುವಷ್ಟು ಜಾಗ ಇದೆಯಾ? ಎಲ್‌ಸಿಡಿ ಸ್ಕ್ರೀನ್ ಆದರೆ ನಡುವೆ ಬಿಳಚಿದ ಕಲೆ ಕಾಣಬಹುದು. ಒಳಗಿನಿಂದ ಬ್ಯಾಟರಿ ಒತ್ತುತ್ತಿರುವ ಗುರುತು ಅದು.

ಫೋನಿನ ಬ್ಯಾಟರಿ ಅಂದರೆ ತೆಳು ಅಲ್ಯೂಮಿನಿಯಂ ಪದರದ ಚೀಲದೊಳಗೆ ಸುತ್ತಿಟ್ಟ ಹಾಳೆಗಳು ಮತ್ತು ಎಲೆಕ್ಟ್ರೋಲೈಟ್ ಎಂಬ ದ್ರವ. ವಯಸ್ಸಾದಾಗ, ಅದರಲ್ಲೂ ಬಿಸಿಯಲ್ಲಿ, ಆ ದ್ರವ ಒಡೆದು ಗ್ಯಾಸ್ ಆಗುತ್ತದೆ. ಗ್ಯಾಸ್ ಹೊರಗೆ ಹೋಗಲು ದಾರಿ ಇಲ್ಲ, ಚೀಲ ಉಬ್ಬುತ್ತದೆ.

ಉಬ್ಬಿರುವುದು ಖಾತ್ರಿಯಾದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಹೆಲ್ತ್ ಶೇಕಡಾ 90 ತೋರಿಸುತ್ತಿದ್ದರೂ ಬೇಡ. ಚಾರ್ಜರ್ ತೆಗೆದು, ಸ್ವಿಚ್ ಆಫ್ ಮಾಡಿ, ಬಟ್ಟೆ, ಪೇಪರ್ ಯಾವುದೂ ಹತ್ತಿರ ಇಲ್ಲದ ಕಲ್ಲಿನ ಅಥವಾ ಸಿಮೆಂಟ್ ನೆಲದ ಮೇಲಿಡಿ. ಎದ್ದ ಪ್ಯಾನಲನ್ನು ಒತ್ತಿ ಕೂರಿಸಬೇಡಿ. ಗ್ಯಾಸ್ ಬಿಡಿಸೋಣ ಅಂತ ಪಿನ್ ಚುಚ್ಚುವುದನ್ನು ಕನಸಲ್ಲೂ ಮಾಡಬೇಡಿ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಏನಾಗುತ್ತದೆ ಅಂತ 2016ರಲ್ಲಿ ಇಡೀ ಜಗತ್ತು ನೋಡಿದೆ. ಬ್ಯಾಟರಿಗೆ ಬೆಂಕಿ ಹತ್ತುತ್ತಿದ್ದುದರಿಂದ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡು, ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಅಲ್ಲಿ ತಪ್ಪಿದ್ದದ್ದು ಬ್ಯಾಟರಿಯ ವಿನ್ಯಾಸ ಮತ್ತು ತಯಾರಿಕೆಯಲ್ಲಿ. ಆದರೆ ನಾವು ಮೊಳೆಯಿಂದ ಚುಚ್ಚಿದರೂ ಒಳಗೆ ಆಗುವುದು ಅದೇ ಶಾರ್ಟ್. ಉಬ್ಬಿದ ಫೋನನ್ನು ಆದಷ್ಟು ಬೇಗ ಸರ್ವಿಸ್ ಸೆಂಟರ್‌ಗೆ ಕೈಯಾರೆ ತೆಗೆದುಕೊಂಡು ಹೋಗಿ. ಕೊರಿಯರ್ ಮಾಡಬೇಡಿ.

ವಯಸ್ಸಾಗುವುದು ಎರಡು ಬಗೆ

ಉಬ್ಬಿಲ್ಲ ಅಂದಾದರೆ ಸ್ವಲ್ಪ ನಿಧಾನವಾಗಿ ಯೋಚಿಸಬಹುದು. ಇಲ್ಲಿ ಒಂದು ವಿಷಯ ಅರ್ಥವಾದರೆ ಮುಂದಿನದೆಲ್ಲ ಸುಲಭ.

ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಲಿಥಿಯಂ ಕಣಗಳು ಒಂದು ಬದಿಯ ಗ್ರಾಫೈಟ್‌ಗೂ ಇನ್ನೊಂದು ಬದಿಯ ಕೋಬಾಲ್ಟ್ ಆಕ್ಸೈಡ್‌ಗೂ ನಡುವೆ ಓಡಾಡುತ್ತವೆ. ಓಡಾಡುವಾಗ ಪ್ರತಿ ಸಲವೂ ಒಂದಿಷ್ಟು ಲಿಥಿಯಂ ಗ್ರಾಫೈಟ್ ಮೇಲೆ ತೆಳು ಪದರವಾಗಿ ಅಂಟಿಕೊಂಡು ಕೂತುಬಿಡುತ್ತದೆ. ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಹಿಡಿಯುವ ಚಾರ್ಜ್ ಕಡಿಮೆಯಾಗುತ್ತ ಹೋಗುತ್ತದೆ. ಇದು ಮೊದಲನೆಯದು. ಆ ಪದರ ದಪ್ಪವಾದಷ್ಟೂ ಕರೆಂಟ್ ಹರಿಯುವುದಕ್ಕೆ ಒಳಗೇ ತಡೆ ಜಾಸ್ತಿಯಾಗುತ್ತದೆ. ಇದು ಎರಡನೆಯದು. ರಿಪೇರಿ ಮಾಡುವವರು ಇದನ್ನು ಇಂಟರ್ನಲ್ ರೆಸಿಸ್ಟೆನ್ಸ್ ಅನ್ನುತ್ತಾರೆ.

ಮನೆ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕ್ ಚಿಕ್ಕದಾದರೆ ನೀರು ಬೇಗ ಖಾಲಿಯಾಗುತ್ತದೆ, ಆದರೆ ಖಾಲಿಯಾಗುವವರೆಗೆ ನಲ್ಲಿ ಸರಿಯಾಗೇ ಬರುತ್ತದೆ. ಪೈಪಿನಲ್ಲಿ ಪಾಚಿ ಕಟ್ಟಿದರೆ ಟ್ಯಾಂಕ್ ಅರ್ಧ ತುಂಬಿದ್ದರೂ ಎರಡು ನಲ್ಲಿ ಒಟ್ಟಿಗೆ ಬಿಟ್ಟ ಕೂಡಲೇ ನೀರು ಸೊರಗುತ್ತದೆ. ಹೆಲ್ತ್ ಶೇಕಡಾ ಅಂಕಿ ಹೇಳುವುದು ಟ್ಯಾಂಕಿನ ಗಾತ್ರವನ್ನು. ಫೋನ್ ನಡುದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಪೈಪಿನ ದೆಸೆಯಿಂದ.

ಲೆಕ್ಕ ಹಾಕಿ ನೋಡೋಣ. ಫೋನಿನಲ್ಲಿ ಶೇಕಡಾ 25 ಚಾರ್ಜ್ ಇದೆ, ಬ್ಯಾಟರಿಯ ವೋಲ್ಟೇಜ್ 3.7 ಅಂತ ಇಟ್ಟುಕೊಳ್ಳಿ. ಫ್ಲ್ಯಾಶ್ ಹಾಕಿ ವಿಡಿಯೋ ತೆಗೆಯಲು ಹೊರಟಿರಿ, ಫೋನ್ ಒಮ್ಮೆಗೇ 2 ಆಂಪಿಯರ್ ಎಳೆಯಿತು. ಒಳತಡೆ 0.05 ಓಮ್ ಇದ್ದರೆ ಬೀಳುವುದು 0.1 ವೋಲ್ಟ್, ಉಳಿಯುವುದು 3.6. ಏನೂ ತೊಂದರೆ ಇಲ್ಲ. ಅದೇ ತಡೆ 0.2 ಓಮ್‌ಗೆ ಏರಿದ್ದರೆ ಬೀಳುವುದು 0.4 ವೋಲ್ಟ್, ಉಳಿಯುವುದು 3.3. ಫೋನ್ 3.4ರ ಆಸುಪಾಸಿನಲ್ಲೇ ಆಫ್ ಆಗುವ ಹಾಗೆ ಮಾಡಿದ್ದರೆ, ಆಯ್ತು, ಸ್ವಿಚ್ ಆಫ್. ಕಾಲು ಭಾಗ ಚಾರ್ಜ್ ಒಳಗೇ ಇದೆ, ಆದರೆ ಉಪಯೋಗಕ್ಕಿಲ್ಲ.

ಇದು ಪುಸ್ತಕದ ಲೆಕ್ಕ ಮಾತ್ರ ಅಂದುಕೊಳ್ಳಬೇಡಿ. 2017ರ ಡಿಸೆಂಬರ್‌ನಲ್ಲಿ ಹಳೆಯ ಐಫೋನ್‌ಗಳ ವೇಗವನ್ನು ಬೇಕೆಂದೇ ತಗ್ಗಿಸಿದ್ದನ್ನು ಆಪಲ್ ಒಪ್ಪಿಕೊಂಡಿತು. ಕಾರಣ ಇದೇ: ಹಳೆಯ ಬ್ಯಾಟರಿಯಿಂದ ಒಮ್ಮೆಗೇ ಜಾಸ್ತಿ ಎಳೆದರೆ ಫೋನ್ ಆಫ್ ಆಗುತ್ತಿತ್ತು. ಜನರಿಗೆ ಹೇಳದೆ ಮಾಡಿದ್ದಕ್ಕೆ ಕ್ಷಮೆ ಕೇಳಿ, ಮರುವರ್ಷ ಬ್ಯಾಟರಿ ಬದಲಾವಣೆಯ ದರ ಇಳಿಸಿತು. 2018ರ ಐಓಎಸ್ 11.3ರಲ್ಲಿ ಬ್ಯಾಟರಿ ಹೆಲ್ತ್ ಅಂಕಿ ಎಲ್ಲರಿಗೂ ಕಾಣುವಂತೆ ಮಾಡಿತು. ಹಾಗಾಗಿ ಹಳೆಯ ಫೋನ್ ನಿಧಾನ ಆಗಿದ್ದಕ್ಕೂ ಕೆಲವೊಮ್ಮೆ ಬ್ಯಾಟರಿಯೇ ಕಾರಣ ಇರಬಹುದು.

ಫೋನ್ ಹೇಳುವ ಅಂಕಿ ಎಲ್ಲಿ ಸಿಗುತ್ತದೆ, ಎಷ್ಟು ನಂಬಬೇಕು

ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಹೆಲ್ತ್. ಐಫೋನ್ 15ರಿಂದ ಈಚೆಗೆ ಸೈಕಲ್ ಎಷ್ಟಾಗಿದೆ ಅಂತಲೂ ತೋರಿಸುತ್ತದೆ. ಒನ್‌ಪ್ಲಸ್, ಒಪ್ಪೋ, ವಿವೋದ ಈಚಿನ ಎಷ್ಟೋ ಮಾಡೆಲ್‌ಗಳಲ್ಲಿ ಬ್ಯಾಟರಿ ಸೆಟ್ಟಿಂಗ್ಸ್ ಒಳಗೇ ಇದೆ. ಪಿಕ್ಸೆಲ್‌ನಲ್ಲಿ 8ಎ ಮತ್ತು ಅದಕ್ಕಿಂತ ಹೊಸದಕ್ಕೆ ಸಿಕ್ಕಿದೆ. ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆಪ್ ತೆರೆದು ಡಯಾಗ್ನೋಸ್ಟಿಕ್ಸ್‌ನಲ್ಲಿ ಬ್ಯಾಟರಿ ಒತ್ತಿದರೆ ಸ್ಥಿತಿ ಹೇಗಿದೆ ಅಂತ ಹೇಳುತ್ತದೆ. ಶಿಯೋಮಿಯ ಕೆಲವು ಮಾಡೆಲ್‌ಗಳಲ್ಲಿ ಡಯಲರ್‌ನಲ್ಲಿ *#*#6485#*#* ಒತ್ತಿದರೆ ಬ್ಯಾಟರಿಯ ಪಟ್ಟಿಯೇ ತೆರೆದುಕೊಳ್ಳುತ್ತದೆ.

ಸೈಕಲ್ ಅಂದರೆ ಚಾರ್ಜರ್ ಚುಚ್ಚಿದ ಸಂಖ್ಯೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒಟ್ಟು ಸೇರಿಸಿ ಶೇಕಡಾ 100ರಷ್ಟು ಬಳಸಿದರೆ ಒಂದು ಸೈಕಲ್. ಇವತ್ತು 50, ನಾಳೆ 50 ಬಳಸಿದರೆ ಎರಡು ದಿನಕ್ಕೆ ಒಂದೇ ಸೈಕಲ್. ಐಫೋನ್ 14ರವರೆಗಿನ ಬ್ಯಾಟರಿಗಳು 500 ಸೈಕಲ್ ಆದಮೇಲೂ ಶೇಕಡಾ 80 ಉಳಿಸಿಕೊಳ್ಳುವಂತೆ, 15ರಿಂದ ಈಚಿನವು 1000 ಸೈಕಲ್‌ವರೆಗೆ ತಾಳುವಂತೆ ಮಾಡಿದ್ದೇವೆ ಅನ್ನುತ್ತದೆ ಆಪಲ್. ಯುರೋಪಿಯನ್ ಯೂನಿಯನ್ 2025ರ ಜೂನ್ 20ರಿಂದ ಅಲ್ಲಿ ಮಾರಾಟಕ್ಕೆ ಬರುವ ಹೊಸ ಫೋನ್‌ಗಳ ಬ್ಯಾಟರಿ 800 ಸೈಕಲ್ ನಂತರವೂ ಶೇಕಡಾ 80 ಉಳಿಸಿಕೊಂಡಿರಬೇಕು ಅಂತ ಕಾನೂನನ್ನೇ ಮಾಡಿದೆ. ಇಂಥ ನಿಯಮ ನಮ್ಮಲ್ಲೂ ಬರಬೇಕು ಅನ್ನುವುದು ನನ್ನ ಆಸೆ.

ಈ ಅಂಕಿಯನ್ನು ಒಂದು ಅಂದಾಜು ಅಂತ ತೆಗೆದುಕೊಳ್ಳಿ. ಒಂದೆರಡು ಅಂಕಿ ಏರಿಳಿದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೊಸ ಫೋನ್ ತಿಂಗಳುಗಟ್ಟಲೆ 100 ತೋರಿಸಿ, ಆಮೇಲೆ ಬೇಗ ಬೇಗ 97, 96ಕ್ಕೆ ಬಂದರೂ ಗಾಬರಿ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾತ್ರ ಹುಷಾರು. ಮೂರು ನಾಲ್ಕು ವರ್ಷದ ಫೋನ್ ಶೇಕಡಾ 100 ತೋರಿಸಿದರೆ ಖುಷಿ ಪಡುವ ಮೊದಲು ಬ್ಯಾಟರಿ ಬದಲಾಗಿದೆಯಾ ಕೇಳಿ. ಬ್ಯಾಟರಿ ಜೊತೆಗಿರುವ ಪುಟ್ಟ ಸರ್ಕ್ಯೂಟ್‌ನಲ್ಲಿ ಏನು ಬರೆದಿದೆಯೋ ಫೋನ್ ಅದನ್ನೇ ನಂಬುತ್ತದೆ. ಡೂಪ್ಲಿಕೇಟ್ ಬ್ಯಾಟರಿಗೆ ಸುಳ್ಳು ಹೇಳುವ ಸರ್ಕ್ಯೂಟ್ ಹಾಕುವವರು ಇದ್ದಾರೆ. ಐಫೋನ್ ಆದರೆ ಜನರಲ್, ಅಬೌಟ್‌ನಲ್ಲಿ ಪಾರ್ಟ್ಸ್ ಆಂಡ್ ಸರ್ವಿಸ್ ಹಿಸ್ಟರಿ ಅಂತ ಕಾಣಿಸಿದರೆ ಅದನ್ನು ಓದಿ.

ಅಂಕಿ ಸಿಗದ ಆಂಡ್ರಾಯ್ಡ್ ಫೋನಾದರೆ ನಾವೇ ಅಳೆಯಬಹುದು. ಅಕ್ಯೂಬ್ಯಾಟರಿ ಥರದ ಆಪ್ ಚಾರ್ಜ್ ಆಗುವಾಗ ಎಷ್ಟು ಎಂಎಎಚ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಒಳಗೆ ಹೋಯಿತು ಅಂತ ಎಣಿಸುತ್ತದೆ. ಉದಾಹರಣೆಗೆ, 5000 ಎಂಎಎಚ್ ಬ್ಯಾಟರಿ 20ರಿಂದ 80ಕ್ಕೆ ಬರಲು 2400 ಎಂಎಎಚ್ ಹಿಡಿಯಿತು ಅಂದುಕೊಳ್ಳಿ. 20ರಿಂದ 80 ಅಂದರೆ ಶೇಕಡಾ 60, ಹಾಗಾಗಿ 2400ನ್ನು 0.6ರಿಂದ ಭಾಗಿಸಿದರೆ 4000. ಅಂದರೆ ಶೇಕಡಾ 80 ಉಳಿದಿದೆ. ಒಂದೇ ಚಾರ್ಜ್‌ನಲ್ಲಿ ನಿರ್ಧಾರ ಮಾಡಬೇಡಿ. ಕೆಲವು ದಿನ ಬಿಟ್ಟು ಸರಾಸರಿ ನೋಡಿ, ಚಾರ್ಜ್ ಆಗುವಾಗ ಫೋನ್ ಮುಟ್ಟಬೇಡಿ. ಇನ್ನೊಂದು ವಿಷಯ: ಭಾರಿ ಫಾಸ್ಟ್ ಚಾರ್ಜಿಂಗ್ ಇರುವ ಕೆಲವು ಫೋನ್‌ಗಳಲ್ಲಿ ಎರಡು ಸೆಲ್ ಒಟ್ಟಿಗೆ ಜೋಡಿಸಿರುತ್ತಾರೆ. ಅಲ್ಲಿ ಆಪ್ ನಿಜಕ್ಕಿಂತ ಅರ್ಧ ತೋರಿಸಬಹುದು. ಚೆನ್ನಾಗಿ ನಡೆಯುತ್ತಿರುವ ಫೋನ್ ಶೇಕಡಾ 47 ಅಂತ ತೋರಿಸಿದರೆ ಇದೇ ಕಾರಣ ಇರಬಹುದು.

ಖರ್ಚು ಎಲ್ಲಿ ಆಗುತ್ತಿದೆ?

ಹೊಸನಗರ ಕಡೆಯ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನ ಫೋನ್ ಬೆಳಗ್ಗೆ ತುಂಬಿಸಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಕೆಂಪಾಗುತ್ತಿತ್ತು. ಪೇಟೆಯ ಅಂಗಡಿಯಲ್ಲಿ ಬ್ಯಾಟರಿ ಬದಲಿಸಿ ಕೊಟ್ಟರು, ಆದರೂ ಅದೇ ಕಥೆ. "ನೋಡೋ, ಮಗಳ ಮನೆಗೆ ಶಿವಮೊಗ್ಗಕ್ಕೆ ಹೋದ್ರೆ ಸಂಜೆವರೆಗೂ ಬರುತ್ತೆ. ಇಲ್ಲಿ ಬಂದ್ರೆ ಇಷ್ಟೇ" ಅಂದರು. ಅವರ ಮಾತಿನಲ್ಲೇ ಉತ್ತರ ಇತ್ತು. ಮನೆಯೊಳಗೆ ಸಿಗ್ನಲ್ ಒಂದು ಕಡ್ಡಿ, ಅಡುಗೆಮನೆಗೆ ಹೋದರೆ ಅದೂ ಇಲ್ಲ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು, ಅಂದರೆ ಜಾಸ್ತಿ ಶಕ್ತಿಯಲ್ಲಿ ಸಿಗ್ನಲ್ ಕಳಿಸಬೇಕು. ಸಿಗ್ನಲ್ ಹೋದಾಗ ಸುಮ್ನೆ ಕೂರುವುದಿಲ್ಲ, ಹುಡುಕುತ್ತಲೇ ಇರುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಹುಡುಕಾಟ.

ರಾತ್ರಿ ಶೇಕಡಾ 80 ಇದ್ದಾಗ ಏರ್‌ಪ್ಲೇನ್ ಮೋಡ್ ಹಾಕಿ ಮಲಗಿದೆವು. ಬೆಳಗ್ಗೆ 78. ಮಾರನೆ ರಾತ್ರಿ ಅದೇ ಜಾಗದಲ್ಲಿ ನೆಟ್‌ವರ್ಕ್ ಬಿಟ್ಟು ಮಲಗಿದಾಗ ಬೆಳಗ್ಗೆ 59. ಬ್ಯಾಟರಿಯ ತಪ್ಪಲ್ಲ ಅಂತ ಅಲ್ಲೇ ಗೊತ್ತಾಯಿತು. ಉಪಯೋಗಕ್ಕಿಲ್ಲದ ಎರಡನೇ ಸಿಮ್ ಆಫ್ ಮಾಡಿ, 5ಜಿ ತೆಗೆದು 4ಜಿಗೆ ನಿಲ್ಲಿಸಿ, ಮನೆಯ ವೈಫೈ ಮೇಲೆ ವೈಫೈ ಕಾಲಿಂಗ್ ಹಾಕಿ, ಫೋನಿಗೆ ಜಗಲಿಯ ಕಿಟಕಿ ಹತ್ತಿರ ಜಾಗ ಮಾಡಿಕೊಟ್ಟೆವು. ಈಗ ರಾತ್ರಿವರೆಗೂ ಬರುತ್ತಿದೆ. ಹಳೆಯ ಬ್ಯಾಟರಿ ಪಾಪ, ಚೆನ್ನಾಗೇ ಇತ್ತು.

ಈ ಎರಡು ರಾತ್ರಿಯ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಏರ್‌ಪ್ಲೇನ್ ಮೋಡಿನಲ್ಲಿ ರಾತ್ರಿಗೆ ಒಂದರಿಂದ ಮೂರು ಇಳಿದರೆ ಬ್ಯಾಟರಿ ತಾನಾಗಿ ಸೋರುತ್ತಿಲ್ಲ ಅಂತ ಅರ್ಥ. ನೆಟ್‌ವರ್ಕ್ ಇದ್ದಾಗ ಮಾತ್ರ ಇಳಿದರೆ ಸಿಗ್ನಲ್ ಅಥವಾ ಹಿಂದೆ ಓಡುತ್ತಿರುವ ಆಪ್. ಯಾವ ಆಪ್ ಅಂತ ಸೆಟ್ಟಿಂಗ್ಸ್‌ನ ಬ್ಯಾಟರಿ ಬಳಕೆಯ ಪಟ್ಟಿ ನೋಡಿ. ಸ್ಕ್ರೀನ್ ಆಫ್ ಇದ್ದರೂ ಗಂಟೆಗಟ್ಟಲೆ ಓಡಿರುವ ಆಪ್ ಇದ್ದರೆ ಅದೇ ಕಳ್ಳ. ಆಂಡ್ರಾಯ್ಡ್ ಅಪ್‌ಡೇಟ್ ಆದ ಮೊದಲ ಎರಡು ಮೂರು ದಿನ ಫೋನ್ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಆಗ ಚಾರ್ಜ್ ಬೇಗ ಇಳಿಯುವುದು ಸಹಜ, ಅಷ್ಟು ದಿನ ಬಿಟ್ಟು ಪರೀಕ್ಷೆ ಮಾಡಿ.

ಚಾರ್ಜರ್ ಕಡೆಯ ತೊಂದರೆಗೆ ಹೆಚ್ಚು ಹೊತ್ತು ಬೇಡ. ಬೇರೆ ಕೇಬಲ್, ಬೇರೆ ಚಾರ್ಜರ್ ಹಾಕಿ ನೋಡಿ. ಚಾರ್ಜಿಂಗ್ ಪಿನ್ ಪೂರ್ತಿ ಒಳಗೆ ಕೂರದೆ ಸಡಿಲ ಅನ್ನಿಸಿದರೆ ತೂತಿನೊಳಗೆ ಟಾರ್ಚ್ ಬಿಡಿ. ಜೇಬಿನ ಬಟ್ಟೆಯ ನಾರು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಮೆತ್ತಗೆ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಹಾಕಬೇಡಿ. ಪಿನ್ನೇ ಸವೆದಿದ್ದರೆ ಅಂಗಡಿಯವರು ಸಿಸಿ ಬೋರ್ಡ್ ಅನ್ನುವ ಕೆಳಗಿನ ಪುಟ್ಟ ಬೋರ್ಡ್ ಬದಲಿಸುತ್ತಾರೆ. ಬ್ಯಾಟರಿ ಮುಟ್ಟಬೇಕಾಗಿಲ್ಲ.

ಕೆಲಸ ಕೊಟ್ಟು ನೋಡುವುದು

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಚಾರ್ಜ್ 40ರ ಸುಮಾರಿಗೆ ಬಂದಾಗ ಚಾರ್ಜರ್ ತೆಗೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಟಾರ್ಚ್ ಉರಿಸಿಕೊಂಡು ವಿಡಿಯೋ ರೆಕಾರ್ಡಿಂಗ್ ಶುರು ಮಾಡಿ. ಫೋನಿನಲ್ಲಿ ಆಗುವಷ್ಟು ದೊಡ್ಡ ರೆಸಲ್ಯೂಷನ್ ಇರಲಿ. ಚಾರ್ಜ್ 15ಕ್ಕೆ ಬರುವವರೆಗೆ ಆಗಾಗ ಅಂಕಿ ನೋಡುತ್ತಿರಿ. ಫೋನ್ ತುಂಬಾ ಬಿಸಿಯಾದರೆ ನಿಲ್ಲಿಸಿ.

ಆರೋಗ್ಯವಾಗಿರುವ ಬ್ಯಾಟರಿ 38, 37, 36 ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಬೇಗ ಇಳಿದರೂ ಪರವಾಗಿಲ್ಲ, ಒಂದೊಂದೇ ಇಳಿಯಬೇಕು. ಬಳಲಿದ ಬ್ಯಾಟರಿ 31ರಿಂದ ನೇರ 24ಕ್ಕೆ ಹಾರುತ್ತದೆ. ರೆಕಾರ್ಡಿಂಗ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಅಲ್ಲೇ ನಿಂತುಬಿಡುತ್ತದೆ, ಕೆಲವೊಮ್ಮೆ ಒಂದೆರಡು ಏರುತ್ತದೆ. ತೀರಾ ಹೋಗಿದ್ದರೆ ಫೋನೇ ಆಫ್.

ಆಫ್ ಆದರೆ ತಕ್ಷಣ ಚಾರ್ಜರ್ ಹಾಕಿ, ಸ್ಕ್ರೀನ್ ಮೇಲೆ ಮೊದಲು ಮೂಡುವ ಅಂಕಿ ನೋಡಿ. 20ರ ಆಸುಪಾಸು ತೋರಿಸಿ ಫೋನ್ ಆರಾಮಾಗಿ ಆನ್ ಆದರೆ ಒಳತಡೆ ಏರಿದೆ, ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಸೊನ್ನೆಯೋ ಒಂದೋ ತೋರಿಸಿದರೆ ಚಾರ್ಜ್ ನಿಜವಾಗಿಯೂ ಮುಗಿದಿತ್ತು, ಫೋನಿನ ಲೆಕ್ಕವೇ ತಪ್ಪಿತ್ತು. ಅಂಥ ಕಡೆ ಒಂದು ಸಲ ಫೋನ್ ತಾನಾಗಿ ಆಫ್ ಆಗುವವರೆಗೆ ಬಳಸಿ, ಮಧ್ಯೆ ತೆಗೆಯದೆ 100ಕ್ಕೆ ತುಂಬಿಸಿ, ಇನ್ನೂ ಒಂದು ಗಂಟೆ ಹಾಗೇ ಬಿಡಿ. ಲೆಕ್ಕ ಸರಿಹೋಗುತ್ತದೆ. ಇದನ್ನು ಪದೇ ಪದೇ ಮಾಡಬಾರದು. ಪೂರ್ತಿ ಖಾಲಿ ಮಾಡುವುದು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ.

ಪರೀಕ್ಷೆ ಮನೆಯ ಸಾಮಾನ್ಯ ಉಷ್ಣತೆಯಲ್ಲೇ ಆಗಬೇಕು. ಕೆನಡಾದಲ್ಲೋ ನಾರ್ವೆಯಲ್ಲೋ ಇರುವ ನಮ್ಮವರು ಹಿಮದಲ್ಲಿ ಫೋನ್ ಆಫ್ ಆಯಿತು ಅಂತ ಗಾಬರಿಯಾಗುತ್ತಾರೆ. ಚಳಿಯಲ್ಲಿ ಎಂಥ ಬ್ಯಾಟರಿಗೂ ಒಳತಡೆ ಏರುತ್ತದೆ, ಒಳಗೆ ಬಂದು ಬೆಚ್ಚಗಾದರೆ ಇಳಿಯುತ್ತದೆ. ನಮ್ಮ ಕಲಬುರಗಿ, ರಾಯಚೂರಿನ ಬಿಸಿಲು ಹಾಗಲ್ಲ. ಬಿಸಿಯಿಂದ ಆದ ಹಾನಿ ವಾಪಸ್ ಬರುವುದಿಲ್ಲ. ಮೇ ತಿಂಗಳಲ್ಲಿ ಬೈಕಿನ ಹ್ಯಾಂಡಲ್ ಮೇಲೆ ಮ್ಯಾಪ್ ಹಾಕಿಕೊಂಡು, ಜೊತೆಗೆ ಚಾರ್ಜೂ ಹಾಕಿ ಡೆಲಿವರಿ ಮಾಡುವ ಹುಡುಗರ ಫೋನ್ ಬ್ಯಾಟರಿ ಆಫೀಸಿನಲ್ಲಿ ಕೂರುವವರದಕ್ಕಿಂತ ಎಷ್ಟೋ ಮೊದಲು ಸೋಲುವುದು ಇದಕ್ಕೇ.

ಬ್ಯಾಟರಿಯೂ ಅಲ್ಲ, ಆಪ್ ಕೂಡ ಅಲ್ಲ ಅಂದಾಗ

ಏರ್‌ಪ್ಲೇನ್ ಮೋಡಿನಲ್ಲೂ ರಾತ್ರಿಗೆ 15, 20 ಇಳಿಯುತ್ತಿದೆಯಾ? ಹಾಗಾದರೆ ಮುಂದಿನ ರಾತ್ರಿ ಫೋನ್ ಪೂರ್ತಿ ಸ್ವಿಚ್ ಆಫ್ ಮಾಡಿ ಇಡಿ. ಆಫ್ ಇದ್ದಾಗಲೂ ಜಾಸ್ತಿ ಇಳಿದರೆ, ಅಥವಾ ಸುಮ್ನೆ ಇಟ್ಟ ಫೋನ್ ಒಂದೇ ಜಾಗದಲ್ಲಿ ಬೆಚ್ಚಗಿದ್ದರೆ, ಬೋರ್ಡಿನಲ್ಲಿ ಲೀಕೇಜ್, ಅಂದರೆ ಕರೆಂಟ್ ಸೋರಿಕೆ, ಇರಬಹುದು. ನೀರು ಬಿದ್ದ ಫೋನ್‌ಗಳಲ್ಲಿ ಇದು ಸಾಮಾನ್ಯ.

ಇದಕ್ಕೆ ಒಳ್ಳೆಯ ಟೆಕ್ನಿಶಿಯನ್ ಬೇಕು. ಬೆಂಗಳೂರಿನ ಎಸ್‌ಪಿ ರೋಡ್ ಅಂಥ ಕಡೆ ಟೇಬಲ್ ಮೇಲೆ ಡಿಸಿ ಪವರ್ ಸಪ್ಲೈ ಮೆಷಿನ್ ಇಟ್ಟುಕೊಂಡವರು ಸಿಗುತ್ತಾರೆ. ಬ್ಯಾಟರಿ ಬಿಚ್ಚಿ, ಅದರ ಜಾಗಕ್ಕೆ ಮೆಷಿನ್‌ನ ವೈರ್ ಕೊಡುತ್ತಾರೆ. ಪವರ್ ಬಟನ್ ಒತ್ತುವ ಮುಂಚೆ ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಬಟನ್ ಮುಟ್ಟದೆಯೇ ಮುಳ್ಳು ಅಲುಗಿದರೆ, ಅಂಕಿ ಏರಿದರೆ, ಬೋರ್ಡ್ ಕರೆಂಟ್ ತಿನ್ನುತ್ತಿದೆ. ಅಂಥ ಫೋನಿಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ವ್ಯರ್ಥ. "ಸಾರ್, ಬ್ಯಾಟರಿ ಹಾಕೋ ಮುಂಚೆ ಸಪ್ಲೈಗೆ ಹಾಕಿ ಲೀಕೇಜ್ ಇದೆಯಾ ನೋಡ್ತೀರಾ?" ಅಂತ ಕೇಳಿ. ಸಂಕೋಚ ಬೇಡ. ಕೆಲಸ ಬಲ್ಲವರು ನಿಮ್ಮ ಎದುರಿಗೇ ಮಾಡಿ ತೋರಿಸುತ್ತಾರೆ.

ಈಗ ತೀರ್ಮಾನ

ಹೆಲ್ತ್ ಅಂಕಿಯ ಶೇಕಡಾ 80ರ ಗೆರೆಯನ್ನು ಲಕ್ಷ್ಮಣರೇಖೆ ಮಾಡಿಕೊಳ್ಳಬೇಡಿ. 84 ತೋರಿಸುತ್ತಿದ್ದು, ಯುಪಿಐ ಸ್ಕ್ಯಾನ್ ಮಾಡಲು ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗುವ ಫೋನಿಗೆ ಬ್ಯಾಟರಿ ಹಾಕಿಸಲೇಬೇಕು. 77 ತೋರಿಸುತ್ತಿದ್ದು, ಕೆಲಸ ಕೊಟ್ಟಾಗ ಒಂದೊಂದೇ ಇಳಿದು, ನಿಮ್ಮ ದಿನ ಮುಗಿಯುವವರೆಗೆ ಬರುತ್ತಿದ್ದರೆ ಹಾಗೇ ಬಳಸಿ. ಮಧ್ಯಾಹ್ನ ಅರ್ಧ ಗಂಟೆ ಚಾರ್ಜ್ ಹಾಕುವುದು ನಿಮಗೆ ಕಷ್ಟವಲ್ಲದಿದ್ದರೆ ಇನ್ನೂ ಒಂದು ವರ್ಷ ಹೋಗುತ್ತದೆ. ಯಾವಾಗಲೂ ರಸ್ತೆಯಲ್ಲೇ ಇರುವವರು, ಒಬ್ಬರೇ ಇರುವ ವಯಸ್ಸಾದವರು, ಆಸ್ಪತ್ರೆಯ ಕರೆಗೆ ಕಾಯುವವರು, ಇವರ ಫೋನ್ ವಿಷಯದಲ್ಲಿ ಮಾತ್ರ ನಾನು ಕಾಯುವುದಿಲ್ಲ. ಎರಡು ಸಲ ಹಠಾತ್ತನೆ ಆಫ್ ಆದರೆ ಸಾಕು, ಬದಲಿಸಿ ಅನ್ನುತ್ತೇನೆ.

ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಬರುತ್ತಿದೆಯಾ ಅಂತಲೂ ನೋಡಿ. ಬರುತ್ತಿದ್ದರೆ, ಡಿಸ್‌ಪ್ಲೇ ಮತ್ತು ಪಿನ್ ಸರಿ ಇದ್ದರೆ, ಹೊಸ ಬ್ಯಾಟರಿ ಆ ಫೋನಿಗೆ ಎರಡು ವರ್ಷವಾದರೂ ಆಯಸ್ಸು ಕೊಡುತ್ತದೆ. ಅಪ್‌ಡೇಟ್ ನಿಂತು ವರ್ಷಗಳಾಗಿದ್ದು, ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡುತ್ತಿದ್ದರೆ ಬ್ಯಾಟರಿಗೆ ಹಣ ಹಾಕುವ ಮೊದಲು ಎರಡು ಸಲ ಯೋಚಿಸಿ. ವಾರಂಟಿ ಇದ್ದರೆ ಹೊರಗಿನ ಅಂಗಡಿಗೆ ಹೋಗಲೇಬೇಡಿ.

ಬ್ಯಾಟರಿ ಕೈಗೆ ಬಂದಾಗ ನೋಡಬೇಕಾದ್ದು

ಸರ್ವಿಸ್ ಸೆಂಟರ್ ಹತ್ತಿರದಲ್ಲಿದ್ದರೆ ಅಲ್ಲೇ ಹಾಕಿಸುವುದು ಒಳ್ಳೆಯದು. ಕೆಲವು ಕಂಪನಿಗಳು ಬಿಡಿಭಾಗದ ದರವನ್ನು ವೆಬ್‌ಸೈಟ್‌ನಲ್ಲೇ ಹಾಕಿರುತ್ತವೆ, ಹೋಗುವ ಮುಂಚೆ ನೋಡಿಕೊಳ್ಳಿ. ಹೊರಗಿನ ಅಂಗಡಿಯಾದರೆ ಬ್ಯಾಟರಿಯನ್ನು ಫೋನಿಗೆ ಹಾಕುವ ಮೊದಲು ಕೈಗೆ ಇಸಿದುಕೊಳ್ಳಿ.

ಲೇಬಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಅಂತ, ಪಕ್ಕದಲ್ಲಿ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಲಿಥಿಯಂ ಬ್ಯಾಟರಿಗೆ ಭಾರತದಲ್ಲಿ ಇದು ಕಡ್ಡಾಯ. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯ, ಯಾವ ವಸ್ತುವಿನ ನೋಂದಣಿ ಅಂತ ಬರುತ್ತದೆ. ಬ್ಯಾಟರಿ ಬದಲು ಇನ್ನೇನೋ ಬಂದರೆ ವಾಪಸ್ ಕೊಡಿ.

ತಯಾರಾದ ತಿಂಗಳು ನೋಡಿ. ಬ್ಯಾಟರಿಗೆ ಡಬ್ಬಿಯೊಳಗೆ ಕೂತಿದ್ದರೂ ವಯಸ್ಸಾಗುತ್ತದೆ. ಐದು ವರ್ಷದ ಹಿಂದೆ ತಯಾರಾಗಿ ಗೋಡೌನ್‌ನಲ್ಲಿ ಬೆಂದ ಒರಿಜಿನಲ್‌ಗಿಂತ ಹೋದ ವರ್ಷ ತಯಾರಾದ ಒಳ್ಳೆಯ ಬೇರೆ ಕಂಪನಿಯದು ಎಷ್ಟೋ ವಾಸಿ. ಅದೇ ಅಳತೆಯ ಬ್ಯಾಟರಿ ಮೇಲೆ ಮೂಲಕ್ಕಿಂತ ಸಾವಿರ ಎಂಎಎಚ್ ಜಾಸ್ತಿ ಬರೆದಿದ್ದರೆ ನಂಬಬೇಡಿ, ಅಷ್ಟು ಜಾಗವೇ ಅಲ್ಲಿಲ್ಲ. ಕೈಯಲ್ಲಿ ಹಿಡಿದಾಗ ಹಳೆಯದಕ್ಕಿಂತ ತೀರಾ ಹಗುರ ಅನ್ನಿಸಿದರೂ ಅನುಮಾನ ಪಡಿ. 5000 ಎಂಎಎಚ್ ಬ್ಯಾಟರಿ ಸಾಮಾನ್ಯವಾಗಿ 60 ಗ್ರಾಂಗಿಂತ ಜಾಸ್ತಿ ತೂಗುತ್ತದೆ.

ಫೋನ್ ಕೊಡುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ಲಾಕ್ ಪಿನ್ ಚೀಟಿಯಲ್ಲಿ ಬರೆದುಕೊಡುವ ಅಭ್ಯಾಸ ಬಿಡಿ. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಇದೆ. ಅದನ್ನು ಹಾಕಿಕೊಟ್ಟರೆ ನಿಮ್ಮ ಫೋಟೋ, ಮೆಸೇಜ್ ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ನಿರೋಧಕ ಫೋನಾದರೆ ಸುತ್ತಲಿನ ಗಮ್ ಹೊಸದಾಗಿ ಹಾಕುತ್ತೀರಾ ಅಂತ ಕೇಳಿ. ಹಾಕಿದರೂ ಆಮೇಲೆ ಆ ಫೋನನ್ನು ನೀರಿಗೆ ಇಳಿಸಬೇಡಿ.

ಮನೆಗೆ ಬಂದ ಮೇಲೆ ಒಂದು ಸಲ 100ಕ್ಕೆ ತುಂಬಿಸಿ. ಮೊದಲ ವಾರದಲ್ಲೇ ಮತ್ತೆ ಆ ರಾತ್ರಿ ಪರೀಕ್ಷೆ, ಆ ವಿಡಿಯೋ ಪರೀಕ್ಷೆ ಎರಡನ್ನೂ ಮಾಡಿ. ತೊಂದರೆ ಕಂಡರೆ ಬಿಲ್ ಹಿಡಿದು ಹೋಗಿ. ಅದಕ್ಕೇ ಬಿಲ್‌ನಲ್ಲಿ ಬ್ಯಾಟರಿಗೆ ಎಷ್ಟು ತಿಂಗಳ ಗ್ಯಾರಂಟಿ ಅಂತ ಬರೆಸಿಕೊಂಡಿರಬೇಕು.

ಹಳೆಯ ಬ್ಯಾಟರಿಯನ್ನು ಅಂಗಡಿಯವರೇ ಇಟ್ಟುಕೊಂಡರೆ ಒಳ್ಳೆಯದು. ನಿಮ್ಮ ಕೈಗೇ ಕೊಟ್ಟರೆ ಅದರ ಕನೆಕ್ಟರ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಸರ್ವಿಸ್ ಸೆಂಟರ್‌ಗೋ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೋ ತಲುಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಕಸದ ಗಾಡಿಗೆ ಮಾತ್ರ ಹಾಕಬೇಡಿ. ಆ ಗಾಡಿಯಲ್ಲಿ ಕಸವನ್ನು ಒತ್ತುತ್ತಾರೆ, ಒತ್ತಿದಾಗ ಬ್ಯಾಟರಿ ಒಡೆದು ಬೆಂಕಿ ಹತ್ತಿದರೆ ಪಕ್ಕದಲ್ಲಿ ನಿಂತಿರುವುದು ಪೌರಕಾರ್ಮಿಕರು.